ಪೈನ್ ಮರ ಹಳದಿಯಾದಾಗ, ಒಣಗತೊಡಗಿದಾಗ: ಮೈಸೂರು–ಮಂಡ್ಯ ಸೀಮೆಯವರಿಗೆ ದೋಷ ಪತ್ತೆಯ ಕೈಪಿಡಿ

ಪೈನ್ ಮರದ ತೊಂದರೆ ಎಲೆಯಲ್ಲಿ ಕಾಣಿಸಿಕೊಳ್ಳುವುದು ಬಹಳ ತಡವಾಗಿ. ಬೇರಿಗೆ ಪೆಟ್ಟು ಬಿದ್ದರೆ ಹೊಂಗೆಯೋ ಸಂಪಿಗೆಯೋ ಕೆಲವೇ ದಿನಗಳಲ್ಲಿ ಎಲೆ ಜೋಲು ಬಿಟ್ಟು ತನ್ನ ಸ್ಥಿತಿಯನ್ನು ತಿಳಿಸಿಬಿಡುತ್ತದೆ. ಪೈನ್ ಮರದ ಸೂಜಿ ಎಲೆ ಗಟ್ಟಿಯಾಗಿದ್ದು ಮೇಣದ ಹೊದಿಕೆ ಹೊಂದಿರುವುದರಿಂದ, ಬೇರು ಸತ್ತ ಮೇಲೂ ಅದು ಎಷ್ಟೋ ವಾರ ಹಸಿರಾಗಿಯೇ ನಿಂತಿರುತ್ತದೆ. ಹೀಗಾಗಿ ಮಾರ್ಚ್ ತಿಂಗಳಲ್ಲಿ ಮರ ಕಂದು ಬಣ್ಣಕ್ಕೆ ತಿರುಗಿದರೆ ಎಲ್ಲರೂ ಬಿಸಿಲನ್ನು ದೂರಿ ಎರಡು ಪಟ್ಟು ನೀರು ಹಾಯಿಸುತ್ತಾರೆ. ಆದರೆ ಮರಕ್ಕೆ ಪೆಟ್ಟು ಬಿದ್ದಿರುವುದು ಸೆಪ್ಟೆಂಬರ್–ಅಕ್ಟೋಬರ್ ಮಳೆಯಲ್ಲಿ ಬುಡದ ಸುತ್ತ ನೀರು ನಿಂತಾಗ ಆಗಿರಬಹುದು. ಈ ಎರಡು ಜಿಲ್ಲೆಗಳಲ್ಲಿ ಮನೆಯಂಗಳದಲ್ಲಿ, ತೋಟದ ಬದುವಿನಲ್ಲಿ ಬೆಳೆಸಿದ ಪೈನ್ ಮರಗಳ ಹೆಚ್ಚಿನ ತೊಂದರೆಗಳ ಮೂಲ ಮಣ್ಣು ಮತ್ತು ನೀರಿನಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಔಷಧಿಯ ಅಂಗಡಿಗೆ ಹೋಗುವ ಮೊದಲು ಒಂದು ಗುದ್ದಲಿ ಹಿಡಿದು ಬುಡದ ಬಳಿ ಕೂರಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇನೆ.

ನಿಂತಿರುವ ಮರ ಯಾವುದು

ಪರೀಕ್ಷೆ ಶುರುವಾಗಬೇಕಾದದ್ದು ಇಲ್ಲಿಂದಲೇ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡವೆಂದು ಕೊಡುವ, ಸುತ್ತಲೂ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚುವ ಗಿಡ ಅರೌಕೇರಿಯಾ. ರಸ್ತೆ ಬದಿಯಲ್ಲೂ ಹೊಲದಂಚಿನಲ್ಲೂ ಕಾಣುವ ಸರ್ವೆ ಅಥವಾ ಗಾಳಿ ಮರವೂ ಪೈನ್ ಜಾತಿಯದಲ್ಲ. ಅದರ ಹಸಿರು ದಾರದಂಥ ಕಡ್ಡಿಯನ್ನು ಎಳೆದರೆ ಗಿಣ್ಣು ಗಿಣ್ಣಾಗಿ ಬಿಟ್ಟುಕೊಳ್ಳುತ್ತದೆ. ಪೈನ್ ಮರದ ಸೂಜಿಗಳಾದರೋ ಬುಡದಲ್ಲಿ ಒಂದು ಸಣ್ಣ ಕಂದು ಪೊರೆಯೊಳಗೆ ಕಟ್ಟಾಗಿ ಸೇರಿರುತ್ತವೆ, ಮತ್ತು ನಮ್ಮಲ್ಲಿ ಸಿಗುವ ಜಾತಿಗಳಲ್ಲಿ ಸಾಮಾನ್ಯವಾಗಿ ಒಂದು ಕಟ್ಟಿಗೆ ಮೂರು ಸೂಜಿಗಳಿರುತ್ತವೆ. ಮುಂದೆ ಹೇಳುವ ಪರಿಹಾರಗಳು ಈ ಮರಕ್ಕೆ ಮಾತ್ರ ಅನ್ವಯಿಸುತ್ತವೆ.

ಪೈನ್ ಎಂದು ಖಚಿತವಾದ ಮೇಲೆ ಅದರೊಳಗಿನ ಜಾತಿಯನ್ನೂ ತಿಳಿಯಬೇಕು, ಏಕೆಂದರೆ ಕೆಲವು ಜಾತಿಗಳಿಗೆ ಇಲ್ಲಿಯ ಹವೆಯೇ ದೋಷ. ಊಟಿ, ಕೊಡೈಕೆನಾಲ್ ಕಡೆಯ ನೆಡುತೋಪುಗಳಲ್ಲಿ ಕಾಣುವ, ಸೂಜಿಗಳು ಕೂದಲಿನಂತೆ ಕೆಳಗೆ ಇಳಿಬಿದ್ದಿರುವ ಪಟುಲಾ ಪೈನ್ ಮೆಕ್ಸಿಕೋದ ಎತ್ತರದ ಬೆಟ್ಟಗಳ ಮರ. ತಂಪು ಮತ್ತು ಮಂಜು ಅದಕ್ಕೆ ಬೇಕು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಅದಕ್ಕಿಂತಲೂ ತಗ್ಗಿನಲ್ಲಿದೆ. ಪ್ರವಾಸಕ್ಕೆ ಹೋದವರು ಊಟಿಯಿಂದ ತಂದು ನೆಟ್ಟ ಪಟುಲಾ ಸಸಿ ಇಲ್ಲಿ ಒಂದೆರಡು ಮಳೆಗಾಲ ಚೆನ್ನಾಗಿ ಚಿಗುರಿ, ಬೇಸಿಗೆ ಬಂದಾಗಲೆಲ್ಲ ಸೊರಗುತ್ತದೆ. ಇದಕ್ಕೆ ಗೊಬ್ಬರದಲ್ಲಾಗಲಿ ಔಷಧಿಯಲ್ಲಾಗಲಿ ಪರಿಹಾರವಿಲ್ಲ. ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳ ತಗ್ಗು ಪ್ರದೇಶದಿಂದ ಬಂದ ಕೆರಿಬಿಯನ್ ಪೈನ್ ನಮ್ಮ ಸೆಖೆಯನ್ನು ತಾಳಿಕೊಳ್ಳುತ್ತದೆ. ಹಿಮಾಲಯದ ಕೆಳ ಇಳಿಜಾರುಗಳ ಚಿರ್ ಪೈನ್ ಒಣ ಹವೆಯನ್ನು ಸಹಿಸುತ್ತದೆ, ಆದರೆ ಬುಡದಲ್ಲಿ ನೀರು ನಿಂತರೆ ಸಹಿಸುವುದಿಲ್ಲ.

ಕಂದು ಬಣ್ಣ ಎಲ್ಲಿಂದ ಶುರುವಾಯಿತು

ರೋಗಪತ್ತೆಯಲ್ಲಿ ಅತಿ ಹೆಚ್ಚು ನೆರವಾಗುವ ಪ್ರಶ್ನೆ ಇದು. ಒಂದು ಕೊಂಬೆಯನ್ನು ಕೈಯಲ್ಲಿ ಹಿಡಿದು ತುದಿಯಿಂದ ಕಾಂಡದ ಕಡೆಗೆ ನೋಡುತ್ತಾ ಬನ್ನಿ. ತುದಿಯ ಹೊಸ ಸೂಜಿಗಳು ಹಸಿರಾಗಿದ್ದು, ಕಾಂಡಕ್ಕೆ ಹತ್ತಿರದ ಹಳೆಯ ಸೂಜಿಗಳು ಮಾತ್ರ ಮರದ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿ ಹಳದಿಯಾಗಿ ಉದುರುತ್ತಿದ್ದರೆ ಗಾಬರಿಯಾಗಬೇಕಿಲ್ಲ. ಸೂಜಿ ಎಲೆಗೂ ಆಯುಸ್ಸಿದೆ. ಜಾತಿಗೆ ತಕ್ಕಂತೆ ಒಂದರಿಂದ ಮೂರು ವರ್ಷ ಇದ್ದು ಉದುರುತ್ತದೆ, ಅದೂ ಒಣಗಾಲದಲ್ಲಿ ಹೆಚ್ಚು. ಹೀಗೆ ಉದುರಿದ ಎಲೆಯನ್ನು ಗುಡಿಸಿ ಸುಡದೆ ಬುಡದಲ್ಲೇ ಬಿಡುವುದು ಒಳ್ಳೆಯದು, ಏಕೆಂದರೆ ಬೇಸಿಗೆಯಲ್ಲಿ ಬೇರಿಗೆ ಅದಕ್ಕಿಂತ ಒಳ್ಳೆಯ ಹೊದಿಕೆ ಸಿಗುವುದಿಲ್ಲ.

ಇದಕ್ಕೆ ವಿರುದ್ಧವಾಗಿ ತುದಿಯ ಹೊಸ ಚಿಗುರೇ ಹಳದಿಯಾಗಿ, ಹಳೆಯ ಎಲೆ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆಯ ಕಡೆಗೆ ಗಮನ ಹರಿಸಬೇಕು. ಇಡೀ ಮರ ಮೊದಲು ಹೊಳಪು ಕಳೆದುಕೊಂಡು ಬೂದು ಮಿಶ್ರಿತ ಹಸಿರಾಗಿ, ಆಮೇಲೆ ಒಟ್ಟಿಗೇ ಕಂದಾದರೆ ಬೇರಿಗೆ ಏಟು ಬಿದ್ದಿದೆ. ಸೂಜಿಯ ತುದಿಗಳಷ್ಟೇ ಸುಟ್ಟಂತಿದ್ದರೆ ಯೂರಿಯಾ ಹೆಚ್ಚಾಗಿದೆ ಅಥವಾ ನೀರಿನಲ್ಲಿ ಲವಣಾಂಶ ಹೆಚ್ಚಿದೆ. ಒಂದೇ ಮಗ್ಗುಲು ಕಂದಾಗಿದ್ದರೆ ಆ ಮಗ್ಗುಲಿನಲ್ಲಿ ಏನು ನಡೆಯಿತೆಂದು ಕೇಳಬೇಕು. ಒಂದೇ ಸೂಜಿಯ ಮೇಲೆ ಹಸಿರು, ಕಂದು, ಮತ್ತೆ ಹಸಿರು ಹೀಗೆ ಪಟ್ಟೆಗಳಿದ್ದರೆ ಶಿಲೀಂಧ್ರದ ಸಾಧ್ಯತೆ ಹೆಚ್ಚು.

ಕೊಂಬೆ ಜೀವಂತವಾಗಿದೆಯೇ ಎಂದು ತಿಳಿಯಲು ಉಗುರಿನಿಂದ ತೊಗಟೆಯನ್ನು ಕೊಂಚ ಕೆರೆದರೆ ಸಾಕು. ಒಳಗೆ ಹಸಿರಾಗಿ, ತೇವವಾಗಿ, ರಾಳದ ವಾಸನೆ ಬಂದರೆ ಜೀವವಿದೆ. ಒಣಗಿ ಕಂದಾಗಿದ್ದರೆ ಆ ಕೊಂಬೆ ಮತ್ತೆ ಚಿಗುರುವುದಿಲ್ಲ. ಬೇರೆ ಮರಗಳಂತೆ ಪೈನ್ ಮರ ಎಲೆಯಿಲ್ಲದ ಹಳೆಯ ಕಟ್ಟಿಗೆಯಿಂದ ಚಿಗುರು ಒಡೆಯುವುದು ಬಹಳ ಅಪರೂಪ. ಮೊಟುಕಿದರೆ ದಟ್ಟವಾಗಿ ಬರುತ್ತದೆಂದು ಅದರ ನೆತ್ತಿಯನ್ನು ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನೀರು ನಿಂತು ಉಸಿರು ಕಟ್ಟಿದ ಬೇರು

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಓದುಗರು ಈ ಭಾಗವನ್ನು ಎಚ್ಚರದಿಂದ ಓದಬೇಕು. ಕೆ.ಆರ್.ಎಸ್. ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿದು ಈ ಸೀಮೆಯನ್ನು ಕಬ್ಬು–ಭತ್ತದ ನಾಡನ್ನಾಗಿ ಮಾಡಿದೆ. ಆದರೆ ಭತ್ತದ ಗದ್ದೆಗೆ ಹಿತವಾದದ್ದು ಪೈನ್ ಮರಕ್ಕೆ ಹಿತವಲ್ಲ. ನಾಲೆಯಲ್ಲಿ ನೀರು ಬಿಟ್ಟಾಗ ಪಕ್ಕದ ಗದ್ದೆಯ ಬಸಿ ನೀರು ಬದುವಿನ ಕೆಳಗಿನಿಂದ ಹಾಯ್ದು, ನಾವು ಒಂದು ಕೊಡ ನೀರು ಹಾಕದಿದ್ದರೂ ಮರದ ಬೇರನ್ನು ತಿಂಗಳುಗಟ್ಟಲೆ ನೆನೆಸಿಡುತ್ತದೆ. ಮೇಲ್ಮಣ್ಣು ಬಿಸಿಲಿಗೆ ಬಿರುಕು ಬಿಟ್ಟಿರುವುದರಿಂದ ಮಾಲೀಕರಿಗೆ ಅದು ಗೊತ್ತೇ ಆಗುವುದಿಲ್ಲ. ಅಂಥ ಒಂದು ತೋಟದಲ್ಲಿ ಕಂದಾಗುತ್ತಿದ್ದ ಎಳೆಯ ಮರದಿಂದ ಎರಡು ಮಾರು ದೂರದಲ್ಲಿ ಅಗೆದಾಗ, ಮೇಲಿನ ಗೇಣುದ್ದ ಮಣ್ಣು ಪುಡಿಪುಡಿಯಾಗಿ ಉದುರಿತು. ಮೊಣಕಾಲುದ್ದಕ್ಕೆ ಬಂದಾಗ ಜೇಡಿ ಮಣ್ಣು ಹಾರೆಗೆ ಅಂಟತೊಡಗಿತು, ಕೊಳೆತ ಮೊಟ್ಟೆಯಂಥ ವಾಸನೆ ಎದ್ದಿತು, ನೋಡನೋಡುತ್ತಿದ್ದಂತೆ ಗುಂಡಿಯ ತಳದಲ್ಲಿ ನೀರು ಜಿನುಗಿ ತುಂಬಿಕೊಂಡಿತು. ಆ ಮರಕ್ಕೆ ದಿನವೂ ಪೈಪಿನಿಂದ ನೀರು ಹಾಯಿಸಲಾಗುತ್ತಿತ್ತು.

ಆದ್ದರಿಂದ ಪ್ರತಿಯೊಬ್ಬರೂ ಮಾಡಬೇಕಾದ ಪರೀಕ್ಷೆ ಹೀಗಿದೆ. ಮರದ ನೆರಳಿನ ಅಂಚಿನಲ್ಲಿ, ದಪ್ಪ ಬೇರಿಗೆ ಪೆಟ್ಟಾಗದಂತೆ, ಒಂದೂವರೆ ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಎರಡನೆಯ ಸಲ ಇಂಗಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. ಕೆಲವು ಗಂಟೆಗಳಲ್ಲಿ ಬರಿದಾದರೆ ಮಣ್ಣು ಒಳ್ಳೆಯದು. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ಆ ಜಾಗದಲ್ಲಿ ಬೇರಿಗೆ ಗಾಳಿ ಸಿಗುತ್ತಿಲ್ಲ. ಗುಂಡಿಯಲ್ಲಿ ಸಿಕ್ಕ ಸಣ್ಣ ಬೇರುಗಳನ್ನೂ ನೋಡಿ. ಆರೋಗ್ಯವಂತ ಬೇರಿನ ತುದಿ ಬೆಳ್ಳಗೆ ಅಥವಾ ತಿಳಿ ಕಂದಾಗಿದ್ದು ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ ಮೆತ್ತಗಿದ್ದು, ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಉಳಿಯುತ್ತದೆ.

ಫೈಟಾಫ್ತೊರಾದಂಥ ಬೇರು ಕೊಳೆಸುವ ರೋಗಾಣುಗಳು ಇಂಥ ತೇವದಲ್ಲೇ ಹಬ್ಬುತ್ತವೆ. ಅಂಗಡಿಯವರು ಮೆಟಲಾಕ್ಸಿಲ್ ಎಂಬ ರೋಗನಾಶಕವನ್ನು ಸುರಿಯಲು ಹೇಳಬಹುದು, ಅದರಿಂದ ಆರಂಭದಲ್ಲಿ ಸ್ವಲ್ಪ ತಡೆಯೂ ಆಗಬಹುದು; ಆದರೆ ನೀರು ಬಸಿದು ಹೋಗುವ ದಾರಿ ಮಾಡದೆ ಸುರಿದ ಔಷಧಿ ವ್ಯರ್ಥ. ಮೊದಲು ನೀರು ಹಾಕುವುದನ್ನು ನಿಲ್ಲಿಸಬೇಕು, ಬುಡದ ಸುತ್ತ ಮಾಡಿದ ಪಾತಿಯನ್ನು ಒಡೆಯಬೇಕು, ಗದ್ದೆ ಇರುವ ಮಗ್ಗುಲಿನಲ್ಲಿ ಎರಡು–ಮೂರು ಅಡಿ ಆಳದ ಬಸಿಗಾಲುವೆ ತೆಗೆದು ಇಳಿಜಾರಿನ ಕಡೆಗೆ ತಿರುಗಿಸಬೇಕು. ಅರ್ಧಕ್ಕಿಂತ ಹೆಚ್ಚು ಸೂಜಿಗಳು ಇನ್ನೂ ಹಸಿರಾಗಿದ್ದರೆ ಮರ ಚೇತರಿಸಿಕೊಳ್ಳುವ ಭರವಸೆ ಇದೆ. ಪೂರ್ತಿ ಕಂದಾದ ಮೇಲೆ ಕಾಲುವೆ ತೆಗೆದು ಪ್ರಯೋಜನವಿಲ್ಲ.

ಇದರ ತದ್ವಿರುದ್ಧ ದೋಷ ಮೈಸೂರಿನ ಹೊಸ ಬಡಾವಣೆಗಳಲ್ಲಿ ಕಾಣುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ದಿನವೂ ಚಿಮುಕಿಸುವ ಒಂದು ಚೊಂಬು ನೀರು ಮೇಲಿನ ಎರಡು ಬೆರಳಷ್ಟು ಮಣ್ಣನ್ನು ಮಾತ್ರ ನೆನೆಸಿ ಆರಿಹೋಗುತ್ತದೆ. ಎಳೆಯ ಮರಕ್ಕೆ ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೊಮ್ಮೆ, ಬುಡದಿಂದ ಸ್ವಲ್ಪ ದೂರದಲ್ಲಿ, ಸುಮಾರು 20 ಲೀಟರ್ ನೀರು ನಿಧಾನವಾಗಿ ಇಂಗುವಂತೆ ಕೊಡುವುದು ದಿನದ ಚಿಮುಕಿಸುವಿಕೆಗಿಂತ ಎಷ್ಟೋ ಮೇಲು.

ಹೊಸ ಸೂಜಿಗಳು ಹಳದಿಯಾದರೆ

ಪೈನ್ ಮರ ಹುಳಿ ಮಣ್ಣನ್ನು ಬಯಸುತ್ತದೆ. ಮಣ್ಣಿನ ಹುಳಿ–ಕ್ಷಾರದ ಅಳತೆಯಾದ ರಸಸಾರ (pH) 5ರಿಂದ 6.5ರ ಒಳಗಿದ್ದರೆ ಅದಕ್ಕೆ ಹಿತ, 7.5 ದಾಟಿದರೆ ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ನಮ್ಮ ಕೆಂಪು ಮಣ್ಣು ನೋಡಲು ಕಬ್ಬಿಣದ ತುಕ್ಕಿನ ಬಣ್ಣದ್ದೇ ಆಗಿದ್ದು, ಅದರಲ್ಲಿ ನಿಂತ ಮರ ಕಬ್ಬಿಣವಿಲ್ಲದೆ ಹಳದಿಯಾಗುವುದು ವಿಚಿತ್ರವೆನಿಸಬಹುದು. ಕಾರಣ ಹೆಚ್ಚಾಗಿ ನಾವು ಹಾಯಿಸುವ ನೀರಿನಲ್ಲಿರುತ್ತದೆ. ಆಳವಾದ ಕೊಳವೆ ಬಾವಿಯ ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟುಗಳು ವರ್ಷ ವರ್ಷಕ್ಕೂ ಮಣ್ಣಿನ ಕ್ಷಾರವನ್ನು ಏರಿಸುತ್ತವೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಕುಂಡದ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿಯ ಕರೆ ಕಟ್ಟುತ್ತಿದ್ದರೆ ಅದೇ ನೀರು ಮರದ ಬುಡಕ್ಕೂ ಹೋಗುತ್ತಿದೆ ಎಂದು ತಿಳಿಯಿರಿ. ಎರಡನೆಯ ಕಾರಣ ಸಿಮೆಂಟು: ಮನೆ ಕಟ್ಟಿ ಮುಗಿಸಿದವರು ಉಳಿದ ಗಾರೆ, ಇಟ್ಟಿಗೆ ಚೂರು, ಸುಣ್ಣವನ್ನೆಲ್ಲ ಕಾಂಪೌಂಡಿನ ಒಳಗೇ ಹೂತು, ಮೇಲೆ ಒಂದಡಿ ಕೆಮ್ಮಣ್ಣು ಹರಡಿ, ಅದರಲ್ಲಿ ಗಿಡ ನೆಡುತ್ತಾರೆ.

ಮಣ್ಣಿನಲ್ಲಿ ಸುಣ್ಣವಿದೆಯೇ ಎಂದು ನೋಡಲು ಒಂದು ಹಿಡಿ ಒಣ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹನಿಸಿ. ಬುರುಬುರು ನೊರೆ ಬಂದರೆ ಸುಣ್ಣವಿದೆ. ನಿಖರವಾದ ರಸಸಾರಕ್ಕೆ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡುವುದೇ ಸರಿ. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ, ಮೈಸೂರು–ನಂಜನಗೂಡಿನವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲಿವೆ. ಮಾದರಿಯನ್ನು ಮೇಲ್ಮಣ್ಣಿನಿಂದ ಮಾತ್ರ ತೆಗೆಯದೆ ಒಂದಡಿ ಆಳದಿಂದಲೂ ಪ್ರತ್ಯೇಕವಾಗಿ ತೆಗೆದು ಕೊಡಿ. ಸಾಧ್ಯವಾದರೆ ಒಂದು ಬಾಟಲಿ ನೀರನ್ನೂ ಪರೀಕ್ಷೆಗೆ ಕೊಡಿ. ಅನೇಕರು ಮಣ್ಣನ್ನು ಮಾತ್ರ ಪರೀಕ್ಷೆ ಮಾಡಿಸಿ ನೀರನ್ನು ಮರೆಯುತ್ತಾರೆ.

ತಕ್ಷಣದ ಉಪಶಮನಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸಾಕು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಸೂಜಿಯ ಮೇಣದ ಮೇಲೆ ನಿಲ್ಲುವಂತೆ ಸ್ವಲ್ಪ ಅಂಟು ದ್ರಾವಣ ಸೇರಿಸಿ, ಸಂಜೆ ಹೊತ್ತು ಸಿಂಪಡಿಸಿ. ಹತ್ತು–ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಕೊಟ್ಟಾಗ ಚಿಗುರು ಹಸಿರಿಗೆ ತಿರುಗಿದರೆ ರೋಗಪತ್ತೆ ಸರಿಯಾಗಿದೆ ಎಂಬುದಕ್ಕೂ ಅದೇ ಸಾಕ್ಷಿ. ಮಣ್ಣಿಗೆ ಕೊಡುವುದಾದರೆ ಬರಿ ಅನ್ನಭೇದಿ ಕ್ಷಾರದಲ್ಲಿ ಬೇಗ ನಿಷ್ಪ್ರಯೋಜಕವಾಗುತ್ತದೆ. ಚೀಲೇಟ್ ರೂಪದ, ಅಂದರೆ ಮಣ್ಣಿನಲ್ಲಿ ಗಟ್ಟಿಯಾಗದಂತೆ ಬೇರೊಂದು ವಸ್ತು ಹಿಡಿದಿಟ್ಟಿರುವ ಕಬ್ಬಿಣ ಬೇಕು. ಅದರಲ್ಲೂ ಅಗ್ಗದ ಇ.ಡಿ.ಟಿ.ಎ. ಚೀಲೇಟ್ ಕ್ಷಾರ ಮಣ್ಣಿನಲ್ಲಿ ಬಾಳುವುದಿಲ್ಲ. ಬೆಲೆ ಹೆಚ್ಚಾದರೂ ಇ.ಡಿ.ಡಿ.ಎಚ್.ಎ. ಎಂದು ಚೀಟಿಯ ಮೇಲೆ ಬರೆದಿರುವುದನ್ನೇ ಕೇಳಿ ಪಡೆಯಿರಿ. ದೀರ್ಘಕಾಲದ ಪರಿಹಾರಕ್ಕೆ ಗಂಧಕದ ಪುಡಿಯನ್ನು ಮೇಲ್ಮಣ್ಣಿನಲ್ಲಿ ಬೆರೆಸಬಹುದು. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಲು ತಿಂಗಳುಗಳೇ ಹಿಡಿಯುತ್ತವೆ. ಆದರೆ ವಿನೆಗರಿಗೆ ಜೋರಾಗಿ ನೊರೆಯೇಳುವ ಮಣ್ಣಿಗೆ ಗಂಧಕ ಸುರಿಯುವುದು ದಂಡ, ಏಕೆಂದರೆ ಹುಟ್ಟಿದ ಆಮ್ಲವನ್ನೆಲ್ಲ ಸುಣ್ಣವೇ ನುಂಗಿಬಿಡುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಚಾವಣಿಯ ಮಳೆ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಬೇಸಿಗೆಯಲ್ಲಿ ಆ ನೀರನ್ನೇ ಕೊಡುವುದು. ಚೌಳು ಮಣ್ಣಿರುವ ಜಾಗದಲ್ಲಿ ಮಾತ್ರ ಪೈನ್ ನೆಡುವ ಆಸೆಯನ್ನೇ ಬಿಡಬೇಕು.

ಬೆಳೆಯದೆ ನಿಂತ ಸಸಿ

ಹಳದಿಯೂ ಆಗದೆ, ಒಣಗದೆ, ಗೇಣುದ್ದದಲ್ಲೇ ವರ್ಷಗಟ್ಟಲೆ ನಿಂತು, ಎಲೆಗೆ ನೇರಳೆ ಛಾಯೆ ಬಂದ ಸಸಿಯ ಸಮಸ್ಯೆ ಬೇರೆಯೇ. ಪೈನ್ ಬೇರು ರಂಜಕವನ್ನೂ ನೀರನ್ನೂ ಪಡೆಯುವುದು ಬಹುಮಟ್ಟಿಗೆ ಮೈಕೊರೈಜಾ ಎಂಬ ಶಿಲೀಂಧ್ರದ ಸಹಾಯದಿಂದ. ದಕ್ಷಿಣ ಭಾರತದ ಕಾಡುಗಳಲ್ಲಿ ಪೈನ್ ತಾನಾಗಿ ಬೆಳೆದದ್ದಲ್ಲವಾದ್ದರಿಂದ ನಮ್ಮ ಹೊಲದ ಮಣ್ಣಿನಲ್ಲಿ ಅದಕ್ಕೆ ಒಗ್ಗುವ ಶಿಲೀಂಧ್ರ ಇರುತ್ತದೆ ಎಂದು ನಂಬುವಂತಿಲ್ಲ. ಸಸಿಯ ಒಂದು ಸಣ್ಣ ಬೇರನ್ನು ತೊಳೆದು ನೋಡಿ: ಬೇರಿನ ಚಿಕ್ಕ ತುದಿಗಳು ಕವಲೊಡೆದು, ಉಬ್ಬಿ, ಹತ್ತಿಯ ಎಳೆಯಂಥದ್ದು ಸುತ್ತಿಕೊಂಡಿದ್ದರೆ ಶಿಲೀಂಧ್ರವಿದೆ; ಬೋಳಾಗಿ ತೆಳ್ಳಗಿದ್ದರೆ ಇಲ್ಲ. ಚೆನ್ನಾಗಿ ಬೆಳೆದ, ರೋಗವಿಲ್ಲದ ಪೈನ್ ಮರದ ಮಾಲೀಕರನ್ನು ಕೇಳಿ, ಅದರ ಬುಡದಲ್ಲಿ ಕೊಳೆತ ಎಲೆಯ ಕೆಳಗಿನ ಮಣ್ಣನ್ನು ಒಂದೆರಡು ಬೊಗಸೆ ತಂದು ಸಸಿಯ ಬೇರಿನ ಬಳಿ ಬೆರೆಸಿದರೆ ಸಾಕಾಗುತ್ತದೆ. ಆ ಮಣ್ಣನ್ನು ಬಿಸಿಲಿಗೆ ಒಣಗಿಸಬೇಡಿ. ಶಿಲೀಂಧ್ರನಾಶಕವನ್ನೂ ಬುಡಕ್ಕೆ ಸುರಿಯಬೇಡಿ.

ಒಟ್ಲು ಪಾತಿಯಲ್ಲಿ ಮೊಳೆತ ಸಸಿಗಳು ಬುಡದಲ್ಲಿ ಕೊಳೆತು ಮಲಗಿಬಿಡುವುದು ಇನ್ನೊಂದು ಸಾಮಾನ್ಯ ದೂರು. ಹಸಿ ಕೊಟ್ಟಿಗೆ ಗೊಬ್ಬರ, ಒತ್ತಾದ ಬಿತ್ತನೆ, ಕ್ಷಾರದ ನೀರು ಇವು ಮೂರೂ ಅದಕ್ಕೆ ದಾರಿ ಮಾಡುತ್ತವೆ. ಮರಳು ಹೆಚ್ಚಿರುವ, ಗೊಬ್ಬರವಿಲ್ಲದ ಪಾತಿಯಲ್ಲಿ ತೆಳುವಾಗಿ ಬಿತ್ತಿ ಬೆಳಗಿನ ಹೊತ್ತು ಮಾತ್ರ ನೀರು ಕೊಟ್ಟರೆ ಅದು ಬಹಳಷ್ಟು ನಿಲ್ಲುತ್ತದೆ.

ಪಾಲಿಥಿನ್ ಚೀಲದಲ್ಲಿ ಬಹಳ ಕಾಲ ಇದ್ದ ಸಸಿಯ ಬೇರು ಚೀಲದೊಳಗೇ ಸುತ್ತು ಹಾಕಿಕೊಂಡಿರುತ್ತದೆ. ನೆಟ್ಟ ಮೇಲೂ ಅದು ಹಾಗೆಯೇ ದಪ್ಪವಾಗುತ್ತಾ ಹೋಗಿ, ನಾಲ್ಕಾರು ವರ್ಷಗಳ ಬಳಿಕ ಕಾಂಡದ ಬುಡವನ್ನೇ ಹಿಸುಕುತ್ತದೆ. ಮರ ಗಾಳಿಗೆ ಬುಡಸಹಿತ ಓಲಾಡುತ್ತಿದ್ದರೆ, ಬುಡದ ಒಂದು ಪಾರ್ಶ್ವ ಚಪ್ಪಟೆಯಾಗಿದ್ದರೆ, ಮೇಲಿನ ಮಣ್ಣನ್ನು ಕೈಯಿಂದ ಸರಿಸಿ ನೋಡಬೇಕು. ಹೆಬ್ಬೆರಳಿಗಿಂತ ಸಣ್ಣದಾದ ಸುತ್ತು ಬೇರನ್ನು ಕತ್ತರಿಸಬಹುದು. ಅದಕ್ಕಿಂತ ದಪ್ಪವಾಗಿದ್ದರೆ ಕತ್ತರಿಸಿದಾಗ ಮರವೇ ಉರುಳುವ ಅಪಾಯವಿದೆ.

ನುಸಿ, ಗೆದ್ದಲು, ಶಿಲೀಂಧ್ರ

ಬೇಸಿಗೆಯಲ್ಲಿ ಸೂಜಿಗಳು ಧೂಳು ಹಿಡಿದಂತೆ ಮಂಕಾಗಿ, ಸಣ್ಣ ಹಳದಿ ಚುಕ್ಕಿಗಳಾದರೆ, ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಕಾಗದದ ಮೇಲೆ ಬಿದ್ದ ಚುಕ್ಕಿಗಳು ಹರಿದಾಡಿದರೆ ಅದು ಕೆಂಪು ಜೇಡ ನುಸಿ. ರಭಸವಾದ ನೀರಿನಿಂದ ಎಲೆಗಳನ್ನು ತೊಳೆದರೇ ಅರ್ಧ ಕೆಲಸವಾಗುತ್ತದೆ. ಉಳಿದದ್ದಕ್ಕೆ ಲೀಟರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕವನ್ನು ಬಿಸಿಲಿಲ್ಲದ ಹೊತ್ತಿನಲ್ಲಿ ಸಿಂಪಡಿಸಬಹುದು. ಕೊಂಬೆಗಳು ಮಸಿ ಬಳಿದಂತೆ ಕಪ್ಪಾಗಿ ಇರುವೆ ಹರಿಯುತ್ತಿದ್ದರೆ ಮೇಲೆ ಎಲ್ಲೋ ಸಸ್ಯಹೇನು ಅಥವಾ ಹಿಟ್ಟು ತಿಗಣೆ ಇದೆ. ಅವನ್ನು ಬೇವಿನೆಣ್ಣೆ–ಸೋಪಿನ ನೀರಿನಿಂದ ತೆಗೆದರೆ ಮಸಿ ತಾನಾಗಿ ಹೋಗುತ್ತದೆ.

ಗೆದ್ದಲು ಎಳೆಯ ಸಸಿಗೆ ನಿಜವಾದ ಶತ್ರು. ಕಾಂಡದ ಮೇಲಿನ ಮಣ್ಣಿನ ಪದರವನ್ನು ಕೆರೆದು, ಒಳಗಿನ ತೊಗಟೆ ಉಳಿದಿದೆಯೇ ಎಂದು ಸುತ್ತಲೂ ನೋಡಿ. ಹೊರಗಿನ ಒಣ ತೊಗಟೆಯನ್ನಷ್ಟೇ ತಿಂದಿದ್ದರೆ ಅಪಾಯವಿಲ್ಲ. ಹಸಿ ತೊಗಟೆಯನ್ನು ಉಂಗುರದಂತೆ ತಿಂದಿದ್ದರೆ ಸಸಿ ಉಳಿಯುವುದಿಲ್ಲ. ನೆಡುವಾಗಲೇ ಗುಂಡಿಗೆ ಬೇವಿನ ಹಿಂಡಿ ಹಾಕುವುದು, ಕೊಳೆಯದ ಗೊಬ್ಬರ ಮತ್ತು ಕಟ್ಟಿಗೆ ಚೂರು ಹಾಕದಿರುವುದು ಒಳ್ಳೆಯ ಮುನ್ನೆಚ್ಚರಿಕೆ.

ಸೂಜಿಯ ಮೇಲೆ ಪಟ್ಟೆಯಾಗಿ ಕಂದಾಗುವ ಅಂಗಮಾರಿಗೆ ಶೇ. 1ರ ಬೋರ್ಡೋ ದ್ರಾವಣ ಇಂದಿಗೂ ನಂಬಬಹುದಾದ ಮದ್ದು. 100 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 5 ಲೀಟರ್ ನೀರಿನಲ್ಲೂ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರಿನಲ್ಲೂ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಬೇರೆ ಬೇರೆ ಕದಡಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸುರಿಯುತ್ತಾ ಕಲಕಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ತೆಗೆದಾಗ ಕೆಂಪು ತಾಮ್ರದ ಲೇಪ ಹಿಡಿದರೆ ಇನ್ನೂ ಸುಣ್ಣ ಬೇಕು, ಹಿಡಿಯದಿದ್ದರೆ ಹದವಾಗಿದೆ. ಎಲೆಯಿಂದ ತೊಟ್ಟಿಕ್ಕುವಷ್ಟು ಹೊಡೆಯಬೇಡಿ, ತಾಮ್ರ ಬುಡಕ್ಕಿಳಿದರೆ ಬೇರಿನ ಶಿಲೀಂಧ್ರಕ್ಕೆ ಹಾನಿ.

ಒಂದೇ ಮಗ್ಗುಲಿನ ಹಾನಿ, ವಿಚಿತ್ರ ಆಕಾರ

ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಚ್ಚುವ ಹೊಲ ಪಕ್ಕದಲ್ಲಿದ್ದರೆ, ಬೆಂಕಿ ಮರವನ್ನು ಮುಟ್ಟದಿದ್ದರೂ ಕಾವಿಗೆ ಆ ಕಡೆಯ ಸೂಜಿಗಳು ಒಂದೆರಡು ವಾರದಲ್ಲಿ ಕಂದಾಗುತ್ತವೆ. ಮೊಗ್ಗುಗಳು ಉಳಿದಿದ್ದರೆ ಮುಂದಿನ ಮಳೆಗೆ ಚಿಗುರು ಬರುತ್ತದೆ. ಅಲ್ಲಿಯವರೆಗೆ ಕೊಂಬೆ ಕಡಿಯಬೇಡಿ. ಅದೇ ಹೊಲಕ್ಕೆ ಕಳೆನಾಶಕವಾಗಿ ಟು–ಫೋರ್–ಡಿ ಹೊಡೆದಾಗ ಗಾಳಿಗೆ ತೇಲಿ ಬಂದ ಹನಿಗಳು ಎಳೆ ಚಿಗುರನ್ನು ಸುರುಳಿಯಂತೆ ತಿರುಚುತ್ತವೆ. ಇದಕ್ಕೆ ಮದ್ದಿಲ್ಲ, ಆದರೆ ಸಾಮಾನ್ಯವಾಗಿ ಮರ ಸಾಯುವುದಿಲ್ಲ. ಪಕ್ಕದ ಹೊಲದವರೊಡನೆ ಮಾತಾಡಿ ಗಾಳಿಯಿಲ್ಲದ ಹೊತ್ತಿನಲ್ಲಿ ಹೊಡೆಯುವಂತೆ ಒಪ್ಪಿಸಿಕೊಳ್ಳುವುದೇ ದಾರಿ. ನೆತ್ತಿಯ ಮೊಗ್ಗು ಮತ್ತೆ ಮತ್ತೆ ಸತ್ತು ಪೊದೆಯಂತೆ ಹಲವು ತುದಿ ಒಡೆಯುತ್ತಿದ್ದರೆ ಬೋರಾನ್ ಕೊರತೆ ಇರಬಹುದು. ಬೋರಾನ್ ಕೊಂಚ ಹೆಚ್ಚಾದರೂ ವಿಷವಾಗುವುದರಿಂದ ಮಣ್ಣು ಪರೀಕ್ಷೆಯಿಲ್ಲದೆ ಬೋರಾಕ್ಸ್ ಹಾಕಬಾರದು.

ಕೆರಿಬಿಯನ್ ಪೈನ್ ಕೆಲವೊಮ್ಮೆ ಕೊಂಬೆಯನ್ನೇ ಒಡೆಯದೆ, ನರಿಯ ಬಾಲದಂತೆ ಒಂದೇ ಉದ್ದ ಕಾಂಡವಾಗಿ ಬೆಳೆಯುತ್ತಾ ಹೋಗುತ್ತದೆ. ಚಳಿಯ ವಿರಾಮವಿಲ್ಲದ ತಗ್ಗು ಪ್ರದೇಶಗಳಲ್ಲಿ ಈ ಜಾತಿಯಲ್ಲಿ ಕಾಣುವ ಸ್ವಭಾವ ಇದು, ರೋಗವಲ್ಲ. ಗಾಳಿಗೆ ಮುರಿಯದಂತೆ ಮೊದಲ ವರ್ಷಗಳಲ್ಲಿ ಸಡಿಲವಾದ ಆಸರೆ ಕೊಟ್ಟರೆ ಸಾಕು. ಎಷ್ಟೋ ಮರಗಳು ಕೆಲವು ವರ್ಷಗಳ ನಂತರ ತಾವಾಗಿ ಕೊಂಬೆ ಬಿಡುತ್ತವೆ.

ಸತ್ತ ಮರವನ್ನು ತೆಗೆದ ಜಾಗದಲ್ಲೇ ಮತ್ತೆ ಪೈನ್ ನೆಡುವುದಾದರೆ, ಮೊದಲು ಆ ಗುಂಡಿಯಲ್ಲಿ ನೀರು ಇಂಗುವ ಪರೀಕ್ಷೆಯನ್ನೂ ವಿನೆಗರ್ ಪರೀಕ್ಷೆಯನ್ನೂ ಮಾಡಿ. ಎರಡರಲ್ಲೂ ತೇರ್ಗಡೆಯಾದ ಜಾಗದಲ್ಲಿ, ಜೂನ್ ಮಳೆ ನೆಲಕ್ಕಿಳಿದ ಮೇಲೆ, ಸುತ್ತಲಿನ ನೆಲಕ್ಕಿಂತ ಕೊಂಚ ಎತ್ತರದ ದಿಬ್ಬದ ಮೇಲೆ, ಚೀಲವನ್ನು ಪೂರ್ತಿ ಹರಿದು ತೆಗೆದು, ಬೇರಿನ ಕೊರಳು, ಅಂದರೆ ಕಾಂಡವೂ ಬೇರೂ ಕೂಡುವ ಜಾಗ, ಮಣ್ಣಿನ ಮೇಲೆ ಕಾಣುವಂತೆ ನೆಡಿ.